ಹತ್ತನೇ ಸಾಲು

ಹೋದ ತಿಂಗಳು, ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರ ಬೀಳ್ಕೊಡುಗೆ ನಡೆಯಿತು. ಶಾಲು, ಪೇಟ, ಹಣ್ಣಿನ ಬುಟ್ಟಿ, ಗಂಡಹೆಂಡಿರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ ಫೋಟೋ. ಅಷ್ಟಕ್ಕೇ ಮುಗಿದಿದ್ದರೆ ನನಗೇನೂ ತಕರಾರಿರಲಿಲ್ಲ. ನಿವೃತ್ತರಾದವರಿಗೆಲ್ಲ ಸಿಗುವ ಮರ್ಯಾದೆ ಅದು, ಇನ್ನೆರಡು ವರ್ಷಕ್ಕೆ ನನಗೂ ಸಿಗುತ್ತದೆ. ಆದರೆ ಮೈಕು ಹಿಡಿದ ಪುಣ್ಯಾತ್ಮನೊಬ್ಬ, "ನಮ್ಮಂಥ ಹಳ್ಳಿಗಾಡಿನ ಕಾಲೇಜಿಗೆ ಪೈತಾನ್ ಎಂಬ ಹೊಸ ಕಂಪ್ಯೂಟರ್ ಭಾಷೆಯನ್ನು ತಂದ ಭಗೀರಥರು ಇವರು" ಎಂದುಬಿಟ್ಟ. ಸಭೆಯೆಲ್ಲ ಚಪ್ಪಾಳೆ. ಪೇಟ ಸುತ್ತಿಕೊಂಡಿದ್ದ ಮಹಾನುಭಾವರು ಕೈ ಮುಗಿದರು. ನನ್ನ ಮೈಯೆಲ್ಲ ಉರಿದುಹೋಯಿತು. ಊಟಕ್ಕೂ ನಿಲ್ಲದೆ ಎದ್ದು ಬಂದೆ.

ಆ ಭಾಷೆಯನ್ನು ಆ ಕಾಲೇಜಿಗೆ ತಂದದ್ದು ಒಬ್ಬ ಹೆಂಗಸು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೇಳದೆ ಬರೆಯಬಾರದು, ಕೇಳೋಣವೆಂದರೆ ನನಗೆ ಮುಖವಿಲ್ಲ. ಹದಿನಾರು ವರ್ಷ ಅಲ್ಲಿ ಪಾಠ ಮಾಡಿದರು. ಹದಿನಾರು ವರ್ಷವೂ ಅವರು ಅತಿಥಿ ಉಪನ್ಯಾಸಕಿ. ಅಲ್ಲ ಸ್ವಾಮಿ, ಹದಿನಾರು ವರ್ಷ ಒಂದು ಮನೆಯಲ್ಲಿ ದುಡಿದವರನ್ನು ಯಾರಾದರೂ ಅತಿಥಿ ಅನ್ನುತ್ತಾರೆಯೇ? ಪ್ರತಿ ವರ್ಷ ಪಟ್ಟಿ ಬರಬೇಕು, ಪಟ್ಟಿಯಲ್ಲಿ ಹೆಸರಿರಬೇಕು, ಆಮೇಲೆ ಹೊಸಬರ ಹಾಗೆ ಬಂದು ಹಾಜರಿಯಲ್ಲಿ ಸಹಿ ಹಾಕಬೇಕು. ಹದಿನೇಳನೇ ವರ್ಷ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಕೇಳಿದ್ದಕ್ಕೆ "ಕಾರ್ಯಭಾರ ಇಲ್ಲ" ಎಂದರಂತೆ. ಮೂರು ತರಗತಿಯ ಮಕ್ಕಳು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದರೂ ಕಾರ್ಯಭಾರ ಇರಲಿಲ್ಲ! ಬೀಳ್ಕೊಡುಗೆಯ ದಿನ ಅವರ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಮುಂದಿನ ಸಾಲಿನಲ್ಲೇ ಕುಳಿತಿದ್ದ ನಾನೂ ಎತ್ತಲಿಲ್ಲ.

ನಾವಿಬ್ಬರೂ ಚಿತ್ರದುರ್ಗದಿಂದ ದಿನಾ ಹೋಗಿಬರುತ್ತಿದ್ದವರು. ಬೆಳಗಿನ ಹೊಸದುರ್ಗದ ಬಸ್ಸು. ಹೊಳಲ್ಕೆರೆ ದಾಟಿ ಇನ್ನೂ ಸ್ವಲ್ಪ ದೂರ ಹೋದರೆ ನಮ್ಮ ಕಾಲೇಜಿನ ಊರು. ಊರಿನ ಹೆಸರೂ ಬೇಡ, ಬರೆದರೆ ನಾಳೆಯೇ ಯಾವನಾದರೂ ಮೂಗರ್ಜಿ ಹಾಕುತ್ತಾನೆ. ನಾನು ಕಾಮರ್ಸ್ ಮೇಷ್ಟ್ರು, ಕಾಯಂ ನೌಕರ. ಅವರು ಮದಕರಿಪುರದ ಕಡೆಯ ಕುರಿ ಸಾಕುವವರ ಮನೆಯ ಮಗಳು. ಅಣ್ಣಂದಿರ ಮನೆಯಲ್ಲಿ ಈಗಲೂ ಕುರಿ ಇವೆ. ಊರಿಂದ ಆಟೋ ಹಿಡಿದು ಬಸ್‌ಸ್ಟ್ಯಾಂಡಿಗೆ ನನಗಿಂತ ಮೊದಲೇ ಬಂದು, ಬಸ್ಸಿನ ಕಿಟಕಿಯಿಂದ ಬ್ಯಾಗು ತೂರಿಸಿ ಎರಡು ಸೀಟು ಹಿಡಿದಿರುತ್ತಿದ್ದರು. ನನ್ನ ತಲೆ ಕಂಡಕೂಡಲೇ, "ಬರ್ರಿ ಸಾರ್, ಕುಂತ್ಕಳ್ರಿ, ಇವತ್ತು ನಿಮಗೊಂದು ಪಾಠ ಐತೆ" ಅನ್ನುತ್ತಿದ್ದರು. ಕುಳ್ಳನೆಯ ಹೆಂಗಸು, ಐವತ್ತರ ಹತ್ತಿರದ ವಯಸ್ಸು, ದಪ್ಪ ಗಾಜಿನ ಕನ್ನಡಕ. ಹರಿದ ಸೀಟಿನ ಮೇಲೆ ಹಾಸಿಕೊಳ್ಳಲು ಮಡಿಸಿದ ಕಂಬಳಿಯ ತುಂಡೊಂದು ಅವರ ಬ್ಯಾಗಿನಲ್ಲಿ ಯಾವಾಗಲೂ ಇರುತ್ತಿತ್ತು.

ಅದುವರೆಗೆ ಅವರು ಕಲಿಸುತ್ತಿದ್ದುದು ಸಿ ಎಂಬ ಹಳೆಯ ಕಂಪ್ಯೂಟರ್ ಭಾಷೆ. ಅದು ಅವರಿಗೆ ನೀರು ಕುಡಿದಷ್ಟು ಸಲೀಸು. ಒಂದು ವರ್ಷ ಇದ್ದಕ್ಕಿದ್ದಂತೆ ಸಿಲಬಸ್ ಬದಲಾಯಿತು. ಜುಲೈಯಿಂದ ಪೈತಾನ್ ಕಲಿಸಿ ಎಂದು ಸುತ್ತೋಲೆ. ಕಲಿಸುವವರಿಗೆ ಯಾರು ಕಲಿಸಬೇಕು? ಬೆಂಗಳೂರಿನಲ್ಲಿ ಒಂದು ವಾರದ ತರಬೇತಿ ಇತ್ತು. ವಿಭಾಗದ ಮುಖ್ಯಸ್ಥರು, ಮೊನ್ನೆ ಪೇಟ ಸುತ್ತಿಕೊಂಡಿದ್ದವರೇ, ಹೋದರು, ಕಾಯಂ ಆದವರಿಗೆ ಮಾತ್ರವಂತೆ ಅದು. ಒಂದು ಪ್ರಮಾಣಪತ್ರ ಮತ್ತು ಒಂದು ಕಪ್ಪು ಬ್ಯಾಗಿನ ಜೊತೆ ವಾಪಸು ಬಂದರು. ಮೇಡಂ ಹೋಗಿ, "ಸಾರ್, ಅಲ್ಲಿ ಕೊಟ್ಟ ನೋಟ್ಸ್ ಒಂದ್ಸಲ ಕೊಡ್ರಿ, ಜೆರಾಕ್ಸ್ ಮಾಡಿಸ್ಕಂಡು ಕೊಡ್ತೀನಿ" ಎಂದು ಕೇಳಿದರೆ, "ನೋಟ್ಸ್ ಎಲ್ಲಾ ಏನಿಲ್ಲ ಮೇಡಂ, ನೆಟ್ಟಲ್ಲಿ ಹೊಡೀರಿ, ಬರ್ತೈತೆ" ಎಂದರಂತೆ. ಹೇಳಿಕೊಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತೋ! ಆಮೇಲೆ ಗೊತ್ತಾಯಿತು, ಹೇಳಿಕೊಡಲು ಅವರಿಗೆ ಬರಬೇಕಲ್ಲ.

ಹೀಗಾಗಿ ಮೇಡಂ ಬಸ್ಸಿನಲ್ಲಿ ಕಲಿತರು. ಹೊಳಲ್ಕೆರೆ ದಾಟಿದ ಮೇಲೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲವೆಂದು, ಮನೆಯಲ್ಲೇ ಫೋನು ನೋಡಿಕೊಂಡು ಇನ್ನೂರು ಪುಟದ ನೋಟ್‌ಬುಕ್ಕಿಗೆ ಪಾಠವನ್ನು ಬರೆದುಕೊಂಡು ಬರುತ್ತಿದ್ದರು. ಬಸ್ಸು ಕುಲುಕಿದಾಗೆಲ್ಲ ಪೆನ್ಸಿಲ್ಲು ಎತ್ತಿ ಹಿಡಿದು, ನಿಂತಾಗ ಬರೆಯುತ್ತಿದ್ದರು. ಕಂಪ್ಯೂಟರ್ ಏನು ಮಾಡುತ್ತದೋ ಅದನ್ನೆಲ್ಲ ಕಾಗದದ ಮೇಲೆ ತಾವೇ ಒಂದೊಂದು ಹೆಜ್ಜೆ ಮಾಡಿ ನೋಡುವುದು ಅವರ ಪದ್ಧತಿ. ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಒಂದೇ ಸಮ ಓಡುತ್ತಿತ್ತು. ನೋಡಿದವರು ಜಪ ಮಾಡುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು.

"ನೋಡ್ರಿ ಸಾರ್, ಸಿ ನಲ್ಲಿ ಸಾಲು ಮುರೀಬೇಕು ಅಂದ್ರೆ ನಾವು ಬಾಯ್ಬಿಟ್ಟು ಹೇಳ್ಬೇಕಿತ್ತು. ಇದು ಹಂಗಲ್ಲ. ಪ್ರಿಂಟ್ ಅಂದ್ರೆ ಸಾಕು, ತಾನೇ ಕೆಳಗಿನ ಸಾಲಿಗೆ ಹೋಗ್ತೈತೆ. ಹೋಗಬ್ಯಾಡ ಅಂತ ಹೇಳೋದೇ ಇಲ್ಲಿ ಕೆಲಸ" ಎಂದು ಒಂದು ದಿನ ಹೇಳಿದರು. ಇನ್ನೊಂದು ದಿನ, "ಸಾಲುಗಳ್ನ ಒಟ್ಟು ಕಟ್ಟೋ ಆವರಣ ಚಿಹ್ನೆನೇ ಇಲ್ಲ ಸಾರ್. ಯಾವ ಸಾಲು ಯಾರ ಮನೇದು ಅಂತ ಬರೀ ಜಾಗ ಬಿಟ್ಟು ತೋರಿಸ್ಬೇಕಂತೆ. ನಮ್ಮ ಹುಡುಗ್ರು ನೆಟ್ಟಗೆ ಮಾರ್ಜಿನ್ನೇ ಬಿಡಲ್ಲ, ಇದಕ್ಕೆ ಹೆಂಗೆ ಜಾಗ ಬಿಡ್ತಾರೋ" ಎಂದು ನಕ್ಕರು. ಹಳೆಯ ಅಭ್ಯಾಸಬಲದಿಂದ ಪ್ರತಿ ಸಾಲಿನ ಕೊನೆಗೂ ಅರ್ಧವಿರಾಮ ಹಾಕಿಬಿಡುತ್ತಿದ್ದರು. "ಸಿ ಆಗಿದ್ರೆ ಒಂದು ಬಿಟ್ರೂ ಬೈತಿತ್ತು. ಇದು ಪಾಪ, ಹಾಕಿದ್ರೂ ಸುಮ್ನಿರ್ತೈತೆ" ಅನ್ನುತ್ತಿದ್ದರು. ನನಗೆ ಇದೊಂದೂ ಬೇಕಾಗಿರಲಿಲ್ಲ. ಪೇಪರು ಓದಲು ಬಿಡಿ ಮೇಡಂ ಎಂದು ಗೊಣಗುತ್ತಿದ್ದೆ. "ನಿಮ್ಮ ತಲೆಗೆ ಹೋದ್ರೆ ಸಾರ್, ನಮ್ಮ ಹುಡುಗ್ರ ತಲೆಗೂ ಹೋದಂಗೇ. ಒಂದೈದು ನಿಮಿಷ" ಎಂದು ಪೇಪರನ್ನು ಕೈಯಿಂದ ತೆಗೆದು ಮಡಿಸಿಡುತ್ತಿದ್ದರು.

ಮೊದಲ ತಿಂಗಳು ಅವರೇ ತರಗತಿಯಲ್ಲಿ ಎಡವಿದರು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದಕ್ಕೆ ಲೂಪ್ ಅನ್ನುತ್ತಾರೆ. ಒಂದರಿಂದ ಹತ್ತರವರೆಗೆ ಸಂಖ್ಯೆ ಬರಲಿ ಎಂದು ಅದಕ್ಕೆ ಬೇಕಾದ ಸಾಲು ಬರೆದರು. ಒಂದರಿಂದ ಹತ್ತು ಎಂದೇ ಬರೆದರು, ಹಳೆಯ ಭಾಷೆಯ ರೂಢಿಯ ಹಾಗೆ. ಪರದೆಯ ಮೇಲೆ ಒಂಬತ್ತೇ ಸಾಲು ಬಂತು. ಮಕ್ಕಳು ಕಿಸಕ್ಕೆಂದವು. ಮೇಡಂ ಎರಡು ಸಲ ಓಡಿಸಿ ನೋಡಿ, "ಹತ್ತನೇದು ಯಾಕೆ ಬರ್ಲಿಲ್ಲ ಅಂತ ನಂಗೆ ಗೊತ್ತಿಲ್ರಪ್ಪ. ನಾಳೆ ಹೇಳ್ತೀನಿ" ಎಂದರು. ಮೂವತ್ತು ವರ್ಷದ ಮೇಷ್ಟ್ರುಗಿರಿಯಲ್ಲಿ ತರಗತಿಯ ನಡುವೆ ನಿಂತು ಗೊತ್ತಿಲ್ಲ ಎಂದವರನ್ನು ನಾನು ಬೇರೆ ಕಂಡಿಲ್ಲ. ನಾನಂತೂ ಒಂದು ಸಲವೂ ಅಂದಿಲ್ಲ, ಗೊತ್ತಿಲ್ಲದಾಗ ಡಿಕ್ಟೇಷನ್ ಕೊಟ್ಟುಬಿಡುತ್ತೇನೆ.

ಮರುದಿನ ಬಸ್ಸಿನಲ್ಲಿ ಅವರ ಮುಖ ಅರಳಿತ್ತು. "ಸಿಕ್ತು ಸಾರ್! ಕುರಿ ರೊಪ್ಪದ ಬಾಗಿಲಲ್ಲಿ ನಿಂತಿದ್ದೀನಿ ಅಂದ್ಕಳ್ರಿ. ಒಂದೊಂದೇ ಕುರಿ ಒಳಗೆ ಹೋಗ್ತಾವೆ. ಹತ್ತನೇದು ಬಾಗಿಲಿಗೆ ಬಂದ ತಕ್ಷಣ ಗೇಟ್ ಹಾಕು ಅಂತ ಹೇಳಿದ್ರೆ ಹತ್ತನೇದು ಎಲ್ಲಿರ್ತೈತೆ?"

"ಹೊರಗೆ."

"ಅಷ್ಟೇ ನೋಡ್ರಿ. ಕೊನೇ ಸಂಖ್ಯೆ ಅಂದ್ರೆ ಗೇಟ್ ಹಾಕೋ ಜಾಗ. ಹತ್ತನೇದೂ ಒಳಗೆ ಬರ್ಬೇಕು ಅಂದ್ರೆ ಹನ್ನೊಂದು ಅಂತ ಬರೀಬೇಕು."

ಅದೇ ಪಾಠವನ್ನು ತರಗತಿಯಲ್ಲಿ ಮಾಡಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಮಿಸ್, ನಮ್ಮಪ್ಪ ಒಂದೊಂದೇ ಎಣ್ಸಲ್ಲ, ಜೋಡಿ ಜೋಡಿ ಎಣಿಸ್ತಾನೆ" ಎಂದನಂತೆ. ಬೇರೆಯವರಾಗಿದ್ದರೆ ಕೂರೋ ಎಂದು ಗದರುತ್ತಿದ್ದರು. ಇವರು, "ಲೇ, ಅದೂ ಐತೆ ಕಣೋ ಇದ್ರಾಗೆ! ಬಾ ಇಲ್ಲಿ" ಎಂದು ಅವನ ಕೈಗೇ ಚಾಕ್‌ಪೀಸ್ ಕೊಟ್ಟು, ಎರಡೆರಡು ಹೆಜ್ಜೆ ಹಾರುವ ಲೂಪನ್ನು ಅವನಿಂದಲೇ ಬರೆಸಿದರಂತೆ. ಲ್ಯಾಬಿನಲ್ಲಿ ನೆಟ್ಟಗಿದ್ದ ಕಂಪ್ಯೂಟರು ಆರು, ಮಕ್ಕಳು ಐವತ್ತು ಚಿಲ್ಲರೆ. ಕಂಪ್ಯೂಟರು ಸಿಗದವರನ್ನು ಕಾರಿಡಾರಿನಲ್ಲಿ ಸಾಲಾಗಿ ನಿಲ್ಲಿಸಿ, ಒಬ್ಬಳನ್ನು ಗೇಟು ಮಾಡಿ, ಒಬ್ಬೊಬ್ಬರೂ ದಾಟುವಾಗ ತಮ್ಮ ಸಂಖ್ಯೆ ಕೂಗಿಸುತ್ತಿದ್ದರು. ಪಕ್ಕದ ಕೋಣೆಯಲ್ಲಿ ನನ್ನ ಪಾಠ ಕೆಡುತ್ತಿತ್ತು. ಹೋಗಿ ಬೈದೂ ಇದ್ದೇನೆ. ಅದಕ್ಕೆ ಸೇಡು ತೀರಿಸಿಕೊಂಡವರಂತೆ ಒಂದು ಶನಿವಾರ ನನ್ನನ್ನೇ ಲ್ಯಾಬಿಗೆ ಎಳೆದುಕೊಂಡು ಹೋಗಿ, ಕೀಬೋರ್ಡಿನ ಮುಂದೆ ಕೂರಿಸಿ, ಮಗ್ಗಿಯ ಪ್ರೋಗ್ರಾಮ್ ಬರೆಸಿದರು. ಒಂದೊಂದು ಅಕ್ಷರ ಹುಡುಕಿ ಒತ್ತುವುದರಲ್ಲಿ ನನಗೆ ಬೆವರು ಕಿತ್ತಿತು. ಹತ್ತು ಸಾಲು ಒಮ್ಮೆಲೇ ಪರದೆಗೆ ಬಂದಾಗ ಮಾತ್ರ ಸುಳ್ಳು ಹೇಳುವುದಿಲ್ಲ, ಕೈ ತಟ್ಟಿಬಿಟ್ಟೆ.

ಈಗ ರೆಕಾರ್ಡಿನ ವಿಷಯಕ್ಕೆ ಬರುತ್ತೇನೆ, ನನ್ನ ಕೋಪದ ಮೂಲ ಇರುವುದೇ ಅಲ್ಲಿ. ನಮ್ಮ ಕಾಲೇಜುಗಳಲ್ಲಿ ಪ್ರಾಯೋಗಿಕ ಪರೀಕ್ಷೆಗೆ ಮೊದಲು ಪ್ರತಿ ವಿದ್ಯಾರ್ಥಿಯೂ ರೆಕಾರ್ಡ್ ಎಂಬ ದಪ್ಪ ಪುಸ್ತಕ ಬರೆಯಬೇಕು. ಬಲಪುಟದಲ್ಲಿ ಪೆನ್ನಿನಿಂದ ಪ್ರೋಗ್ರಾಮ್, ಎಡಪುಟದಲ್ಲಿ ಪೆನ್ಸಿಲ್ಲಿನಿಂದ ಅದರ ಔಟ್‌ಪುಟ್, ಅಂದರೆ ಕಂಪ್ಯೂಟರು ತೋರಿಸಿದ ಉತ್ತರ. ತೋರಿಸಿದ್ದನ್ನು ಬರೆಯಬೇಕು ಎಂಬುದು ನಿಯಮ. ಬರೆಯುವುದು ಹಿಂದಿನ ವರ್ಷದ ರೆಕಾರ್ಡ್ ನೋಡಿಕೊಂಡು! ಬೈಂಡು ಹಾಕಿಸಿ, ಬ್ರೌನ್ ಪೇಪರು ಸುತ್ತಿ, ಅಂದವಾಗಿ ನಕಲು ಮಾಡಿದರೆ ಮಾರ್ಕು. ಹೊಸ ಸಿಲಬಸ್ಸಿಗೆ ಹಿಂದಿನ ವರ್ಷದ ರೆಕಾರ್ಡ್ ಎಲ್ಲಿಂದ ತರಬೇಕು? ವಿಭಾಗದ ಮುಖ್ಯಸ್ಥರೇ ಮಾದರಿ ರೆಕಾರ್ಡೊಂದನ್ನು ಬರೆದು ಕೊಟ್ಟರು. ತಮ್ಮ ಹಳೆಯ ಸಿ ರೆಕಾರ್ಡನ್ನು ಮುಂದಿಟ್ಟುಕೊಂಡು ಬಲಪುಟವನ್ನು ಹೊಸ ಭಾಷೆಗೆ ತಿರುಗಿಸಿದರು, ಎಡಪುಟವನ್ನು ಇದ್ದ ಹಾಗೇ ಇಳಿಸಿದರು. ಒಂದನ್ನೂ ಓಡಿಸಿ ನೋಡಲಿಲ್ಲ. ಏಳರ ಮಗ್ಗಿಯ ಪ್ರೋಗ್ರಾಮಿನಲ್ಲಿ ಗೇಟು ಹತ್ತಕ್ಕೇ ಹಾಕಿತ್ತು. ಎದುರು ಪುಟದಲ್ಲಿ ಪೆನ್ಸಿಲ್ಲಿನಿಂದ ಏಳು ಹತ್ತಲ ಎಪ್ಪತ್ತು ಎಂದು ದುಂಡಗೆ ಬರೆದಿತ್ತು.

ಮೇಡಂ ಅದನ್ನು ಕಂಡವರೇ ಹೋಗಿ ಹೇಳಿದರು. ಎಲ್ಲರೆದುರು ಅಲ್ಲ, ಅವರೊಬ್ಬರೇ ಇದ್ದಾಗ. "ಸಾರ್, ನಂಗೂ ಇದೇ ತಪ್ಪು ಆಗಿತ್ತು. ಒಂದು ಸಂಖ್ಯೆ ತಿದ್ದಿದ್ರೆ ಸಾಕು" ಎಂದರು. ಸಿಕ್ಕ ಉತ್ತರ ಇದು: "ಪ್ರಿನ್ಸಿಪಾಲರ ಸಹಿ ಬಿದ್ದೈತೆ ಮೇಡಂ. ಇದನ್ನ ತಿದ್ದಿದ್ರೆ ಐವತ್ತು ರೆಕಾರ್ಡು ತಿದ್ದಬೇಕು. ನೀವು ಗೆಸ್ಟು, ಪಾಠ ಮಾಡ್ರಿ, ಸಾಕು." ಮೇಡಂ ಬಾಯಿ ಮುಚ್ಚಿಕೊಂಡು ಬಂದರು. ತರಗತಿಯಲ್ಲಿ ಮಾತ್ರ, "ರೆಕಾರ್ಡಲ್ಲಿ ಏನಾದ್ರೂ ಇರ್ಲಿ, ಪರೀಕ್ಷೇಲಿ ಮಷೀನು ಏನು ಹೇಳ್ತೈತೋ ಅದನ್ನ ಬರೀರಿ" ಎಂದರು. ಹದಿಮೂರು ಮಕ್ಕಳು ಅವರ ಮಾತು ನಂಬಿದರು. ಉಳಿದವರು ರೆಕಾರ್ಡನ್ನು ನಂಬಿದರು. ಜಾಣರು!

ಪರೀಕ್ಷೆಯ ದಿನ ಮೇಡಂ ಆಂತರಿಕ ಪರೀಕ್ಷಕಿ. ಹೊರಗಿನ ಪರೀಕ್ಷಕರೊಬ್ಬರು ಬೇರೆ ಕಾಲೇಜಿನಿಂದ ಬಂದಿದ್ದರು. ಲ್ಯಾಬಿನ ಮೇಲ್ವಿಚಾರಣೆ ನನ್ನದು. ಎಲ್ಲರಿಗೂ ಬಂದದ್ದು ಒಂದೇ ಪ್ರಶ್ನೆ, ಅದೇ ಏಳರ ಮಗ್ಗಿ. ಶುರುವಾಗಿ ಹತ್ತು ನಿಮಿಷಕ್ಕೆ ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ. "ಕರೆಂಟಿಲ್ಲ, ಔಟ್‌ಪುಟ್ ಕೈಯಲ್ಲೇ ಬರ್ದುಬಿಡ್ರಪ್ಪ" ಎಂದರು ಹೊರಗಿನವರು. ಕಂಪ್ಯೂಟರ್ ಪರೀಕ್ಷೆ, ಕಂಪ್ಯೂಟರು ಇಲ್ಲದೆ! ಆಮೇಲೆ ಮಾದರಿ ರೆಕಾರ್ಡನ್ನು ಪಕ್ಕಕ್ಕಿಟ್ಟುಕೊಂಡು ಕೆಂಪು ಪೆನ್ನಿನಿಂದ ತಾಳೆ ನೋಡುತ್ತ ಹೋದರು. ರೆಕಾರ್ಡಿನ ಹಾಗೆ ಹತ್ತು ಎಂದು ಬರೆದವರಿಗೆ ಪೂರ್ತಿ ಮಾರ್ಕು. ಹನ್ನೊಂದು ಎಂದವರಿಗೆ ಅಡ್ಡಗೆರೆ, ಸೊನ್ನೆ.

ಹಿರಿಯೂರು ಕಡೆಯ ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಲಕ್ಷ್ಮೀದೇವಿ ಎಂಬ ಹುಡುಗಿ ಎದ್ದು ನಿಂತಳು. "ಸಾರ್, ಕರೆಂಟ್ ಬಂದ್ಮೇಲೆ ಒಂದ್ಸಲ ರನ್ ಮಾಡಿ ನೋಡ್ರಿ ಸಾರ್. ನಂದು ಸರಿ ಐತೆ."

"ನಂಗೇ ಹೇಳಿಕೊಡ್ತೀಯೇನಮ್ಮ? ಹತ್ತು ಸಾಲಿಗೆ ಹನ್ನೊಂದು ಯಾಕೆ ಬರ್ದೆ? ಒಂದು ಜಾಸ್ತಿ ಬರಲ್ವಾ?" ಎಂದರು ಹೊರಗಿನವರು.

"ಆ ಮಗು ಸರಿಯಾಗಿ ಬರ್ದಾಳೆ ಸಾರ್" ಎಂದು ಮೇಡಂ ಮುಂದೆ ಬಂದರು. "ಕರೆಂಟ್ ಬರೋತನಕ ಕಾಯಾಣ. ಒಂದೇ ನಿಮಿಷದ ಕೆಲಸ."

ಅಷ್ಟರಲ್ಲಿ ವಿಭಾಗದ ಮುಖ್ಯಸ್ಥರು ಬಾಗಿಲಿಗೆ ಬಂದು ಊಟ ತಣ್ಣಗಾಗುತ್ತಿದೆ ಎಂದರು. ಹೊರಗಿನವರಿಗೆಂದು ಹೋಳಿಗೆ ಮಾಡಿಸಿದ್ದರು. ಪರೀಕ್ಷಕರು ಎದ್ದು ಅವರ ಜೊತೆ ಹೋದರು. ಹದಿಮೂರು ಮಕ್ಕಳ ಒಂದು ವರ್ಷ ಅಲ್ಲಿ ಮೇಜಿನ ಮೇಲೆ ಬಿದ್ದಿತ್ತು, ಇವರಿಗೆ ಹೋಳಿಗೆಯ ಚಿಂತೆ. ಥೂ!

ಅವರು ಊಟಕ್ಕೆ ಕೂತಾಗ ಕರೆಂಟು ಬಂತು. ಮಕ್ಕಳೂ ಹೊರಟುಹೋಗಿದ್ದರು, ಲ್ಯಾಬಿನಲ್ಲಿದ್ದದ್ದು ಮೇಡಂ ಮತ್ತು ನಾನು, ಇಬ್ಬರೇ. ಮೇಡಂ ಮೊದಲು ರೆಕಾರ್ಡಿನ ಪ್ರೋಗ್ರಾಮನ್ನು ಒಂದು ಚುಕ್ಕಿಯೂ ಬದಲಿಸದೆ ಟೈಪ್ ಮಾಡಿದರು. ಒಂಬತ್ತು ಸಾಲು, ಅರವತ್ತಮೂರಕ್ಕೆ ನಿಂತಿತು. ಆಮೇಲೆ ಲಕ್ಷ್ಮೀದೇವಿಯದನ್ನು ಟೈಪ್ ಮಾಡಿದರು. ಹತ್ತು ಸಾಲು, ಎಪ್ಪತ್ತು. ನಾನು ಪರದೆಗೆ ಬೆರಳಿಟ್ಟು ಎರಡನ್ನೂ ಎಣಿಸಿದೆ. "ನೋಡಿದ್ರಲ್ಲ ಸಾರ್?" ಎಂದರು. "ನೋಡಿದೆ ಮೇಡಂ, ಯೋಚನೆ ಮಾಡಬೇಡಿ, ನಾನಿದೀನಿ" ಎಂದೆ. ಹಾಗೆ ಅಂದವನು ನಾನೇ.

ಊಟ ಮುಗಿಸಿ ಅವರು ಬರುವ ಹೊತ್ತಿಗೆ ಕರೆಂಟು ಮತ್ತೆ ಹೋಗಿತ್ತು. ನಾಲ್ಕು ಗಂಟೆಯೊಳಗೆ ಅಂಕಪಟ್ಟಿಗೆ ಸೀಲು ಬೀಳಬೇಕು. ಮೇಡಂ ಸಹಿ ಹಾಕುವುದಿಲ್ಲ ಎಂದರು. ವಿಷಯ ಪ್ರಿನ್ಸಿಪಾಲರ ಕೋಣೆಗೆ ಹೋಯಿತು. "ಇವರು ತಮ್ಮ ಸಿಸ್ಟಮ್ಮಲ್ಲಿ ಏನೋ ಮಾಡಿ ಇಟ್ಕಂಡವ್ರೆ ಸಾರ್, ನಾನು ಟ್ರೈನಿಂಗ್ ಮುಗಿಸಿ ಬಂದೋನು" ಎಂದರು ವಿಭಾಗದ ಮುಖ್ಯಸ್ಥರು. ಹೊರಗಿನವರು ಗಡಿಯಾರ ನೋಡಿಕೊಂಡರು. ಮೇಡಂ ನನ್ನ ಕಡೆ ಕೈ ತೋರಿಸಿ, "ಈ ಸಾರ್ ಎದುರಿಗೇ ರನ್ ಮಾಡಿದ್ದೀನಿ. ಅವರ್ನೇ ಕೇಳ್ರಿ" ಎಂದರು.

ಪ್ರಿನ್ಸಿಪಾಲರು ಕೆಟ್ಟವರಲ್ಲ, ಆ ಮಾತು ಹೇಳಲೇಬೇಕು. ಕನ್ನಡಕ ತೆಗೆದು ನನ್ನನ್ನು ನೋಡಿದರು. "ನೀವು ಸೀನಿಯರು. ಕಣ್ಣಾರೆ ಕಂಡೆ ಅಂತ ಒಂದು ಮಾತು ಹೇಳ್ರಿ, ಆ ಮಕ್ಕಳ ಮಾರ್ಕ್ಸ್ ಈಗ್ಲೇ ತಿದ್ದಿಸ್ತೀನಿ."

ಒಂದು ಮಾತು. ಅವರ ಮೇಜಿನ ಮೇಲೆ ಚಿತ್ರದುರ್ಗಕ್ಕೆ ವರ್ಗ ಕೇಳಿ ನಾನು ಬರೆದ ಅರ್ಜಿ ಇತ್ತು, ಶಿಫಾರಸು ಆಗಬೇಕಿತ್ತು. ಅರ್ಜಿಗೆ ಮೇಲಿನ ಕಚೇರಿಯಲ್ಲಿ ಓಡಾಡುತ್ತೇನೆಂದು ಮಾತು ಕೊಟ್ಟಿದ್ದವರು ವಿಭಾಗದ ಮುಖ್ಯಸ್ಥರು. ಅವರು ನನ್ನನ್ನೇ ನೋಡುತ್ತಿದ್ದರು.

"ನಾನು ಕಾಮರ್ಸಿನವನು ಸಾರ್" ಎಂದೆ. "ಈ ಕಂಪ್ಯೂಟರಿಂದೆಲ್ಲ ನಂಗೇನು ತಿಳೀತೈತೆ?"

ಮೇಡಂ ಪೆನ್ನಿನ ಮುಚ್ಚಳ ಹಾಕಿ ಎದ್ದುಬಿಟ್ಟರು. ಅಂಕಪಟ್ಟಿಗೆ ಅವರ ಪರವಾಗಿ ಎಂದು ವಿಭಾಗದ ಮುಖ್ಯಸ್ಥರೇ ಸಹಿ ಮಾಡಿದರು. ಸರಿಯಾಗಿ ಬರೆದ ಹದಿಮೂರು ಮಕ್ಕಳೂ ಫೇಲು. ತಿಂಗಳೊಳಗೆ ನನಗೆ ದುರ್ಗಕ್ಕೆ ವರ್ಗವಾಯಿತು. ಅಂಥವರನ್ನು ಭಗೀರಥ ಎಂದದ್ದಕ್ಕೆ ನನಗೆ ಸಿಟ್ಟು ಬಂತಂತೆ, ಎಂಥಾ ಮರ್ಯಾದಸ್ಥ ನಾನು!

ಆ ಸಂಜೆ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗಿ ಕೂರೋಣ ಎಂದುಕೊಂಡೆ. ಆಗಲಿಲ್ಲ. ಅವರು ಎಂದಿನಂತೆ ಎರಡು ಸೀಟು ಹಿಡಿದಿದ್ದರು. "ಬರ್ರಿ ಸಾರ್" ಎಂದರು. ಕೂತೆ. ಬೈದುಬಿಡಲಿ ಎಂದು ಕಾದೆ. ಉಗಿದಿದ್ದರೂ ಒರೆಸಿಕೊಳ್ಳುತ್ತಿದ್ದೆ. ಹೊಳಲ್ಕೆರೆ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಅವರು ನನ್ನ ಕಡೆ ತಿರುಗಿದರು. ಮುಖದಲ್ಲಿ ಕೋಪವಿರಲಿಲ್ಲ, ಒಂದು ಥರದ ಸಂಕೋಚವಿತ್ತು.

"ಸಾರ್, ಬೇಜಾರ್ ಮಾಡ್ಕಬ್ಯಾಡ್ರಿ, ಒಂದು ಕೇಳ್ತೀನಿ. ಆ ಲೂಪು ನಿಮಗೆ ನಿಜವಾಗ್ಲೂ ಅರ್ಥ ಆಗಿರ್ಲಿಲ್ವಾ? ಆಗ್ಲಿಂದ ಅದನ್ನೇ ಯೋಚನೆ ಮಾಡ್ತಿದ್ದೀನಿ. ನಾನು ಹೇಳಿಕೊಟ್ಟಿದ್ದೇ ಸರಿಯಿಲ್ಲ ಅಂದ್ರೆ, ಆ ಹುಡುಗ್ರಿಗೂ ಹಂಗೇ ಹೇಳಿಕೊಟ್ಟಿರ್ತೀನಲ್ಲ."

"ಅರ್ಥ ಆಗಿತ್ತು ಮೇಡಂ. ಚೆನ್ನಾಗಿ ಅರ್ಥ ಆಗಿತ್ತು."

"ಹಂಗಾರೆ ಸರಿ ಬಿಡ್ರಿ" ಎಂದರು. "ಪಾಠ ತಪ್ಪಿರ್ಲಿಲ್ಲ."